ಎರಡು ಸಾಕ್ಷಿಗಳ ನಡುವೆ ಕೇರಿಯ ಸುವಾರ್ತೆ

ಕ್ರೈಸ್ತ ಸಭೆಗಳ ಕನ್ನಡದಲ್ಲಿ ಬಹಳ ಬಳಕೆಯಾಗುವ, ಆದರೆ ಯಾರೂ ನಿಂತು ಪರೀಕ್ಷೆ ಮಾಡದ ಒಂದು ಮಾತಿದೆ: ‘ಸಾಕ್ಷಿ’. ವಾರದ ಪ್ರಾರ್ಥನಾ ಕೂಟದಲ್ಲಿ ಒಬ್ಬ ಎದ್ದು ನಿಂತು ಸಾಕ್ಷಿ ಹೇಳುತ್ತಾನೆ. ಕುಡೀತಿದ್ದೆ, ಬಿಟ್ಟೆ. ಹೆಂಡತಿಗೆ ಹೊಡೀತಿದ್ದೆ, ಬಿಟ್ಟೆ. ಸಾಲ ಮಾಡಿ ಓಡಿ ಹೋಗಿದ್ದೆ, ತಿರುಗಿ ಬಂದು ತೀರಿಸಿದೆ. ಇದೆಲ್ಲ ಆದ ಮೇಲೆ ಪಾಸ್ಟರು, ಬಾಯಿಯ ಸಾಕ್ಷಿಗಿಂತ ಬದುಕಿನ ಸಾಕ್ಷಿ ದೊಡ್ಡದು ಎನ್ನುತ್ತಾರೆ. ಸಂತೆಯಲ್ಲಿ ನಿಂತು ಪುಸ್ತಕ ಹಂಚುವುದಷ್ಟೇ ಸುವಾರ್ತೆಯಲ್ಲ. ನೀನು ಉಡುವ ಬಟ್ಟೆ, ಆಡುವ ಮಾತು, ದುಡಿಯುವ ರೀತಿ ಇವೇ ಸುವಾರ್ತೆ. ನಿನ್ನನ್ನು ನೋಡಿದವರು ‘ಇವನ ದೇವರು ಯಾರಪ್ಪಾ’ ಅಂತ ಕೇಳಬೇಕು. ಮಾತು ಚೆನ್ನಾಗಿದೆ. ಅದನ್ನು ನಾನು ಹಗುರಾಗಿ ತೆಗೆದುಕೊಳ್ಳುತ್ತಿಲ್ಲ. ಕುಡಿತ ಬಿಟ್ಟ ಗಂಡನ ಮನೆಯಲ್ಲಿ ಹೆಂಡತಿ ಮಕ್ಕಳು ಎರಡು ಹೊತ್ತು ಉಂಡದ್ದನ್ನು ಕಂಡವನು ಯಾರೂ ಅದನ್ನು ಹಗುರಾಗಿ ತೆಗೆದುಕೊಳ್ಳಲಾರ.

ಆದರೆ ಇದೇ ‘ಸಾಕ್ಷಿ’ ಎನ್ನುವ ಮಾತನ್ನು ಕೋರ್ಟಿನಲ್ಲೂ ಬಳಸುತ್ತಾರೆ. ಅಲ್ಲಿಗೆ ದಲಿತ ಕ್ರೈಸ್ತ ಹೋದರೆ ಕೇಳುವ ಸಾಕ್ಷಿ ಬೇರೆ. ನೀನು ಮತ ಬಿಟ್ಟರೂ ಜಾತಿ ನಿನ್ನನ್ನು ಬಿಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ ಕೊಡು, ಅಂತ. ಸಭೆಗೆ ಬೇಕಾದ್ದು ಜಾತಿ ಹೋಯಿತು ಎನ್ನುವುದರ ಸಾಕ್ಷಿ. ಸರ್ಕಾರಕ್ಕೆ ಬೇಕಾದ್ದು ಜಾತಿ ಇದೆ ಎನ್ನುವುದರ ಸಾಕ್ಷಿ. ಭಾನುವಾರ ಒಂದು ಹೇಳಿ ಸೋಮವಾರ ಇನ್ನೊಂದು ಹೇಳಬೇಕಾದ ಮನುಷ್ಯನನ್ನು ಎರಡೂ ಕಡೆಯವರು ಸುಳ್ಳ ಅಂತ ಕರೆಯಬಹುದು, ಕರೆದೂ ಇದ್ದಾರೆ. ಈ ಎರಡು ಸಾಕ್ಷಿಗಳ ನಡುವಿನ ಜಾಗವನ್ನು ದಲಿತ ವಿಮರ್ಶೆ ಇನ್ನೂ ಓದಿಲ್ಲ ಎನ್ನುವುದು ನನ್ನ ತಕರಾರು. ದಿನದ ಬದುಕಿನ ಸುವಾರ್ತೆ ಎನ್ನುವುದನ್ನು ಕೇರಿಯವನ ನಡತೆಯ ಪ್ರಶ್ನೆಯಾಗಿ ಓದುವುದೇ ತಲೆಕೆಳಗಾದ ಓದು. ಅದು ಪಂಕ್ತಿಯ ಪ್ರಶ್ನೆ. ಸಾಕ್ಷಿ ಕೊಡಬೇಕಾದವನು ಪಂಕ್ತಿಯಿಂದ ಎದ್ದು ಹೋದವನೇ ಹೊರತು ಎಲೆಯ ಮುಂದೆ ಕೂತವನಲ್ಲ.

ನಾನು ಬೀದರ ಸೀಮೆಯವನು. ನಿಜಾಮರ ಆಳ್ವಿಕೆಯಲ್ಲಿ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ, ಮೆಥೋಡಿಸ್ಟ್ ಮಿಷನ್ನಿನ ಮೂಲಕ ನಮ್ಮ ಕಡೆಯ ಹೊಲೆಯ ಮಾದಿಗ ಕುಟುಂಬಗಳು ಗುಂಪು ಗುಂಪಾಗಿ ದೀಕ್ಷಾಸ್ನಾನ ಪಡೆದವು. ಊರಿನವರು ನಮ್ಮನ್ನು ‘ಇಸಾಯಿ’ ಅಂತ ಕರೆಯುತ್ತಾರೆ. ಇದು ಒಬ್ಬೊಬ್ಬನ ಎದೆಯಲ್ಲಿ ಬೆಳಕು ಬಿದ್ದು ಆದ ಮತಾಂತರವಲ್ಲ. ಹಿರೀಕರು ಕಟ್ಟೆಯ ಮೇಲೆ ಕೂತು, ಜಗಳವಾಡಿ, ತೀರ್ಮಾನ ಮಾಡಿ ಆದದ್ದು.

ಇಂಥ ಸಾಮೂಹಿಕ ಮತಾಂತರಗಳ ಬಗ್ಗೆ ಜೆ. ವಾಸ್ಕಮ್ ಪಿಕೆಟ್ ಎನ್ನುವ ಮೆಥೋಡಿಸ್ಟ್ ಮಿಷನರಿ 1933ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ಪುಣ್ಯಾತ್ಮ ಕೇರಿಯವರ ಪರವಾಗಿಯೇ ಬರೆದ. ‘ಇವರು ಅನ್ನಕ್ಕಾಗಿ ಬಂದವರು’ ಎಂದು ಮೂಗು ಮುರಿಯುತ್ತಿದ್ದವರಿಗೆ ಅಂಕಿ ಅಂಶ ಇಟ್ಟು ಉತ್ತರ ಕೊಟ್ಟ. ಆದರೂ ಅವನು ಉತ್ತರ ಕೊಟ್ಟ ಕ್ರಮವನ್ನು ನೋಡಬೇಕು. ಕರ್ತನ ಪ್ರಾರ್ಥನೆ ಬಾಯಿಗೆ ಬರುತ್ತದೋ, ಆರಾಧನೆಗೆ ಬರುತ್ತಾರೋ, ಕಾಣಿಕೆ ಹಾಕುತ್ತಾರೋ, ಹೆಂಡ ಬಿಟ್ಟಿದ್ದಾರೋ ಅಂತೆಲ್ಲ ಅಳೆಯುತ್ತಾ ಹೋಗುತ್ತಾನೆ. ಯಾಕೆ ಕ್ರೈಸ್ತರಾದಿರಿ ಎಂದು ಕೇಳಿ, ಬಂದ ಉತ್ತರಗಳನ್ನು ಆತ್ಮಿಕ, ಲೌಕಿಕ, ಸಾಮಾಜಿಕ, ಹುಟ್ಟಿನಿಂದ ಬಂದದ್ದು ಎಂದು ನಾಲ್ಕು ಗೂಡುಗಳಲ್ಲಿ ಇಡುತ್ತಾನೆ. ಮರ್ಯಾದೆ ಬೇಕು ಎಂಬ ಕಾರಣಕ್ಕೆ ಬಂದವರು ಸಾಮಾಜಿಕದ ಗೂಡಿಗೆ ಬಿದ್ದರು. ನಾನು ಕೇಳುವುದು ಇಷ್ಟೆ: ಮನುಷ್ಯನಂತೆ ಬದುಕಬೇಕು ಅನ್ನುವ ಆಸೆ ಯಾವಾಗಿನಿಂದ ಆತ್ಮಿಕವಲ್ಲದ್ದಾಯಿತು? ಐಗುಪ್ತದಿಂದ ಹೊರಟ ಇಟ್ಟಿಗೆ ಆಳುಗಳ ಉದ್ದೇಶವನ್ನು ಯಾವ ಗೂಡಿನಲ್ಲಿ ಇಡುತ್ತೀರಿ? ಕೇರಿಯ ಬಯಕೆಯನ್ನು ಆತ್ಮ ಮತ್ತು ಹೊಟ್ಟೆ ಎಂದು ಕತ್ತರಿಸಿ ಎರಡು ಭಾಗ ಮಾಡುವ ಈ ಕ್ರಮ ಮಿಷನರಿಯಿಂದ ಶುರುವಾಗಿ, ಇವತ್ತು ಮತಾಂತರ ವಿರೋಧಿಗಳ ಬಾಯಲ್ಲಿ ‘ಆಮಿಷ’ ಎನ್ನುವ ಮಾತಾಗಿ ಕೂತಿದೆ.

ಕನ್ನಡ ವಿಮರ್ಶೆಯ ಕಡೆ ಬರೋಣ. ನಮ್ಮ ವಿಮರ್ಶೆ ಮಿಷನರಿಯನ್ನು ಚೆನ್ನಾಗಿ ಓದಿದೆ, ಮಿಷನರಿ ಕಾಲಿಟ್ಟ ಕೇರಿಯನ್ನು ಓದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು, 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1865ರ ಹೆಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಕಿಟ್ಟೆಲ್ಲನಿಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯೇ ಇದೆ, ಇರಲಿ, ಸಂತೋಷ. ಆದರೆ ಇದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನ ಆನಂದಪುರದಲ್ಲಿ ಹೊಲೆಯರ ನಡುವೆ ಒಂದು ಊರು ಕಟ್ಟಲು ಹೋದದ್ದು ಎಷ್ಟು ಜನ ಪಂಡಿತರಿಗೆ ಗೊತ್ತು? ನಿಘಂಟು, ಮುದ್ರಣ, ಹೆಂಚು ಇವಿಷ್ಟನ್ನು ಒಳಗೆ ತೆಗೆದುಕೊಂಡು ಸುವಾರ್ತೆಯನ್ನೂ ಅದನ್ನು ಕೇಳಿಸಿಕೊಂಡವರನ್ನೂ ಅಂಗಳದಲ್ಲೇ ನಿಲ್ಲಿಸಿದ ಕ್ರಮ ನಮ್ಮದು. ಇದೂ ಒಂದು ಪಂಕ್ತಿಭೇದವೇ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಬರುತ್ತಾನೆ, ಬೈಸಿಕಲ್ಲೂ ಬರುತ್ತದೆ. ಆ ಬೈಸಿಕಲ್ಲಿನ ಮೇಲೆ, ವಸಾಹತುಶಾಹಿ ಆಧುನಿಕತೆಯ ಮೇಲೆ ನಮ್ಮ ವಿಮರ್ಶಕರು ಪುಟಗಟ್ಟಲೆ ಬರೆದರು. ಮತಾಂತರದ ತಳಮಳ ಅಲ್ಲಿ ಸುತ್ತುವುದು ಬೆಟ್ಟಳ್ಳಿ ದೇವಯ್ಯ ಎನ್ನುವ ಗೌಡರ ಮನೆಯ ಮಗನ ಸುತ್ತ. ಕಾದಂಬರಿ ಶುರುವಾಗುವುದೇ ಹೊಲೆಯರ ನಾಯಿಗುತ್ತಿಯಿಂದ, ಅವನಷ್ಟು ಜೀವಂತ ಪಾತ್ರ ಕನ್ನಡದಲ್ಲಿ ಕಡಿಮೆ. ಕಾದಂಬರಿಕಾರನ ಕಣ್ಣು ಅವನನ್ನು ಬಿಟ್ಟಿಲ್ಲ. ಬಿಟ್ಟದ್ದು ವಿಮರ್ಶೆ. ದೇವಯ್ಯ ಜಾತಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾನೆ ಅಂತ ಚರ್ಚೆಯಾಯಿತು. ಗುತ್ತಿಗೆ ಪಾದ್ರಿಯ ಮಾತು ಏನಾಗಿ ಕೇಳಿಸಬಹುದಿತ್ತು ಎನ್ನುವ ಪ್ರಶ್ನೆಯೇ ಏಳಲಿಲ್ಲ. ಕಳೆದುಕೊಳ್ಳಲಿಕ್ಕೆ ಇದ್ದವನ ಮತಾಂತರ ನಮಗೆ ದುರಂತ, ಏನೂ ಇಲ್ಲದವನ ಮತಾಂತರ ಬರೀ ಜನಗಣತಿ.

ಈಗ ಮೂಲ ಪಠ್ಯಕ್ಕೇ ಹೋಗೋಣ. ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಯೆಹೂದ್ಯ ಗ್ರೀಕ, ಆಳು ಒಡೆಯ, ಗಂಡು ಹೆಣ್ಣು ಎಂಬ ಭೇದವಿಲ್ಲ ಎನ್ನುವ ವಾಕ್ಯ ಇದೆ. ಅದನ್ನು ಚರ್ಚಿನ ಗೋಡೆಗಳ ಮೇಲೆ ನೋಡಿದ್ದೇನೆ, ಹೊಸವರ್ಷದ ಕ್ಯಾಲೆಂಡರಿನಲ್ಲಿ ನೋಡಿದ್ದೇನೆ. ಅದರ ಹಿಂದಿನ ಅಧ್ಯಾಯವನ್ನು ಯಾವ ಕ್ಯಾಲೆಂಡರಿನಲ್ಲೂ ಕಾಣೆ. ಎರಡನೇ ಅಧ್ಯಾಯದಲ್ಲಿ ನಡೆಯುವುದು ಒಂದು ಊಟದ ಜಗಳ. ಅಂತಿಯೋಕ್ಯದಲ್ಲಿ ಪೇತ್ರ ಸುನ್ನತಿಯಿಲ್ಲದ ಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದರು. ಅವರಿಗೆ ಹೆದರಿ ಪೇತ್ರ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದವರೂ ಸರಿದರು, ಬಾರ್ನಬನಂಥ ಒಳ್ಳೆಯ ಮನುಷ್ಯನೂ ಸರಿದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ.

ಪೇತ್ರ ಬಾಯಿ ಬಿಟ್ಟು ಯಾವ ತಪ್ಪು ಬೋಧನೆಯನ್ನೂ ಮಾಡಿರಲಿಲ್ಲ. ದೇವರು ಒಬ್ಬನೇ, ಯೇಸು ಕರ್ತನು ಅಂತಲೇ ಹೇಳುತ್ತಿದ್ದ. ಎಲೆಯ ಮುಂದಿನಿಂದ ಎದ್ದ, ಅಷ್ಟೆ. ಆ ಏಳುವಿಕೆಯನ್ನೇ ಪೌಲ ಸುವಾರ್ತೆಯ ಸತ್ಯಕ್ಕೆ ವಿರುದ್ಧವಾದ ನಡೆ ಎಂದು ಓದಿದ. ದಿನದ ಬದುಕಿನಲ್ಲಿ ಸುವಾರ್ತೆ ಅಂದರೆ ಏನು ಎನ್ನುವುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಖಚಿತವಾದ ವಿಮರ್ಶೆ ನನಗೆ ಗೊತ್ತಿಲ್ಲ. ಇಲ್ಲಿ ಪರೀಕ್ಷೆಗೆ ಗುರಿಯಾದವರು ಯಾರು ನೋಡಿ. ಅನ್ಯರಿಂದ ಬಂದ ಹೊಸ ವಿಶ್ವಾಸಿಗಳು ಸ್ವಚ್ಛವಾಗಿದ್ದರೋ, ಕುಡಿತ ಬಿಟ್ಟಿದ್ದರೋ ಅಂತ ಪೌಲ ಆ ಹೊತ್ತಿನಲ್ಲಿ ಕೇಳಲಿಲ್ಲ. ಮೇಲಿನವನು ಯಾಕೆ ಎದ್ದ ಅಂತ ಕೇಳಿದ. ಮೂರನೇ ಅಧ್ಯಾಯದ ಸಮಾನತೆಯ ವಾಕ್ಯ ಈ ಜಗಳದ ಹೊಟ್ಟೆಯಿಂದ ಬಂದದ್ದು. ಜಗಳವನ್ನು ಕತ್ತರಿಸಿ ಹಾಕಿ ವಾಕ್ಯವನ್ನು ಮಾತ್ರ ಗೋಡೆಗೆ ಅಂಟಿಸಿದರೆ ಅದು ಸುಣ್ಣದ ಹಾಗೆ ಗೋಡೆಯ ಮೇಲೇ ಉಳಿಯುತ್ತದೆ.

ನಮ್ಮ ದೇಶದ ಸಭೆಗಳ ಇತಿಹಾಸವೂ ಒಂದರ್ಥದಲ್ಲಿ ಅಂತಿಯೋಕ್ಯದ ಊಟದ ಜಗಳವೇ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಮೇಲ್ಜಾತಿಯವರನ್ನು ತಲುಪಲು ಸನ್ಯಾಸಿಯ ಬಟ್ಟೆ ತೊಟ್ಟ, ಅವರ ಮಡಿಯನ್ನೂ ತೊಟ್ಟ. ಅದನ್ನು ‘ದೇಸೀಕರಣ’ ಎಂದು ಈಗಲೂ ಹೊಗಳುವ ವಿದ್ವಾಂಸರಿದ್ದಾರೆ. ಯಾರ ದೇಸಿ ಅಂತ ಕೇಳಿದರೆ ಉತ್ತರವಿಲ್ಲ. ಆಮೇಲೆ ಪರೆಯರಿಗೆ ಬೇರೆ ಪಾದ್ರಿಗಳು, ಬೇರೆ ಬಾಗಿಲು. ತಂಜಾವೂರಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ವೆಳ್ಳಾಳರು ಒಂದು ಕಡೆ, ಪರೆಯರು ಒಂದು ಕಡೆ ಕೂತರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಇರಕೂಡದು ಎಂದು ಪತ್ರ ಬರೆದಾಗ ಅನೇಕರು ಸಭೆ ಬಿಟ್ಟು ಎದ್ದು ಹೋದರು. ತಂಜಾವೂರಿನ ದೊಡ್ಡ ಕೀರ್ತನಕಾರ ವೇದನಾಯಕಂ ಶಾಸ್ತ್ರಿ ಜಾತಿಯ ಪರವಾಗಿ ನಿಂತರು. ದೇವರ ಪ್ರೀತಿಯನ್ನು ಕರ್ನಾಟಕ ಸಂಗೀತದ ರಾಗಗಳಲ್ಲಿ ಹಾಡಿದ ಬಾಯಿ ಅದೇ. ಹಾಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಡಿಗೂ ಪಂಕ್ತಿಗೂ ಇರುವ ಸಂಬಂಧವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಮುಚ್ಚಿಡುತ್ತವೆ ಅಂತ ಹೇಳುತ್ತಿದ್ದೇನೆ.

ಮಧುರೆಯ ಅಮೆರಿಕನ್ ಮಿಷನ್ 1847ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಉಪದೇಶಿಗಳು ‘ಪ್ರೀತಿ ಭೋಜನ’ದಲ್ಲಿ ಎಲ್ಲರ ಜೊತೆ ಕೂತು ಉಣ್ಣಬೇಕು, ಉಣ್ಣದವನಿಗೆ ಕೆಲಸವಿಲ್ಲ. ಬಹಳ ಮಂದಿ ಸಂಬಳ ಬಿಟ್ಟರೂ ಮಡಿ ಬಿಡಲಿಲ್ಲ. 1850ರಲ್ಲಿ ಮದ್ರಾಸಿನ ಮಿಷನರಿ ಸಮ್ಮೇಳನವೂ ಇದೇ ದಾರಿ ಹಿಡಿಯಿತು. ಇದನ್ನು ಬಿಳಿಯರ ದಬ್ಬಾಳಿಕೆ ಎಂದು ಬರೆದವರಿದ್ದಾರೆ. ಬಿಳಿಯನ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದವನು ಎಷ್ಟೋ ಸಲ ಪರೆಯನೇ, ಆದರೆ ಆ ಮೇಜಿನ ಮುಂದೆ ಕುರ್ಚಿ ಎಳೆದು ಕೂರುವ ಹಕ್ಕು ಅವನಿಗಿರಲಿಲ್ಲ ಎನ್ನುವುದೂ ನಿಜವೇ. ಆದರೂ ಸಾಕ್ಷಿಯ ಭಾರವನ್ನು ಒಂದು ಗಳಿಗೆಯಾದರೂ ಸರಿಯಾದ ಹೆಗಲ ಮೇಲೆ ಇಟ್ಟ ಪ್ರಸಂಗ ಇದು. ಅದನ್ನು ಮರೆಯಬಾರದು.

ಇದು ಮುಗಿದ ಕಥೆ ಅನ್ನುವವರು ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೋಲಿಕ್ ಸಮಾಧಿ ಭೂಮಿಗೆ ಹೋಗಿ ದಲಿತರ ಗೋರಿಗಳನ್ನು ಬೇರ್ಪಡಿಸಲು ಕಟ್ಟಿದ ಗೋಡೆಯ ಸುದ್ದಿ ಕೇಳಲಿ. ತಮಿಳುನಾಡಿನ ಎರೈಯೂರಿನಲ್ಲಿ 2008ರಲ್ಲಿ ಏನಾಯಿತು ಎಂದು ವಿಚಾರಿಸಲಿ. ಅಲ್ಲಿ ಹೊಡೆದಾಡಿದ ವನ್ನಿಯರೂ ದಲಿತರೂ ಒಂದೇ ಚರ್ಚಿನವರು. ಭಾರತದ ಕ್ಯಾಥೋಲಿಕ್ ಬಿಷಪರ ಸಮ್ಮೇಳನ 2016ರ ತನ್ನ ದಲಿತ ನೀತಿಯಲ್ಲಿ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ತಾನೇ ಬರೆದುಕೊಂಡಿತು. 2022ರಲ್ಲಿ ಹೈದರಾಬಾದಿನ ಆಂಥೊನಿ ಪೂಲಾ ದಲಿತರೊಳಗಿನ ಮೊದಲ ಕಾರ್ಡಿನಲ್ ಆದರು. ಸುವಾರ್ತೆ ಬಂದು ಎಷ್ಟು ಶತಮಾನದ ಮೇಲೆ ಎನ್ನುವ ಲೆಕ್ಕ ಓದುಗರಿಗೆ ಬಿಟ್ಟದ್ದು. ಹಾಗಂತ ಗೋಡೆ ಬರೀ ಮೇಲಿನವರ ಕಡೆ ಮಾತ್ರ ಇಲ್ಲ. ನಮ್ಮ ಕಡೆ ಹೊಲಗೇರಿಯ ಇಸಾಯಿ ಮಾದಿಗೇರಿಯ ಇಸಾಯಿಗೆ ಹೆಣ್ಣು ಕೊಡುವುದು ಇವತ್ತಿಗೂ ಅಪರೂಪ. ಆಂಧ್ರದಲ್ಲಿ ಮಾಲ ಮಾದಿಗರ ಜಗಳ ಚರ್ಚು ಚರ್ಚುಗಳ ಜಗಳವಾಗಿ ಬೆಳೆದಿದೆ. ಕೇರಿಯೊಳಗೂ ಎರಡು ಪಂಕ್ತಿ ಇದೆ ಅನ್ನೋದನ್ನು ಮುಚ್ಚಿಟ್ಟು ಬರೆಯುವ ದಲಿತ ವಿಮರ್ಶೆ ನನಗೆ ಬೇಡ.

ತಮಿಳಿನ ಬಾಮಾ 1992ರಲ್ಲಿ ‘ಕರುಕ್ಕು’ ಬರೆದಾಗ ನಾನು ಹೇಳುತ್ತಿರುವ ತಿರುವು ಮುರುವು ಸಾಹಿತ್ಯದಲ್ಲಿ ನಡೆಯಿತು. ಕರುಕ್ಕು ಅಂದರೆ ತಾಳೆಗರಿಯ ಗರಗಸದಂಥ ಎರಡಲಗಿನ ಅಂಚು. ದೇವರ ವಾಕ್ಯ ಇಬ್ಬಾಯಿ ಕತ್ತಿ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದಲ್ಲ, ಆ ಕತ್ತಿಯನ್ನೂ ಸೌದೆ ಆರಿಸುವಾಗ ಕೈ ಕೊಯ್ದ ಗರಿಯನ್ನೂ ಬಾಮಾ ಒಂದೇ ಹಿಡಿಯಲ್ಲಿ ಹಿಡಿದರು. ಪುಸ್ತಕದ ಹುಡುಗಿ ಮಾಡದ ತೆಂಗಿನಕಾಯಿ ಕಳ್ಳತನದ ಆರೋಪ ಹೊತ್ತು ಪಾದ್ರಿಯ ಹತ್ತಿರ ಹೋದರೆ, ಚೇರಿಯವಳಲ್ಲವೇ, ಮಾಡಿರಬಹುದು ಎನ್ನುವ ಧಾಟಿಯಲ್ಲಿ ಉತ್ತರ ಬರುತ್ತದೆ. ಮುಂದೆ ಅವಳೇ ಬಡ ಮಕ್ಕಳ ಸೇವೆ ಮಾಡಬೇಕೆಂದು ಕಾನ್ವೆಂಟು ಸೇರುತ್ತಾಳೆ. ಬಡತನದ ವ್ರತ ತೊಟ್ಟವರ ಅನುಕೂಲದ ಬದುಕನ್ನೂ, ಅಲ್ಲಿ ದಲಿತ ಮಕ್ಕಳ ಪಾಲಿಗೆ ಬಂದ ಕಸಗುಡಿಸುವ ಕೆಲಸವನ್ನೂ ಕಂಡು ಹೊರಗೆ ಬರುತ್ತಾಳೆ.

‘ಕರುಕ್ಕು’ವನ್ನು ಕ್ರೈಸ್ತ ಧರ್ಮವನ್ನು ಬಿಟ್ಟು ಬಂದವಳ ಕಥೆ ಅಂತ ಓದುವುದು ಸುಲಭ, ಕೆಲವರಿಗೆ ಬಹಳ ಅನುಕೂಲವೂ ಹೌದು. ‘ನೋಡಿದಿರಾ, ಅಲ್ಲಿಗೆ ಹೋದರೂ ಅಷ್ಟೆ’ ಅನ್ನಬಹುದು. ನಾನು ಹಾಗೆ ಓದಲಾರೆ. ಬಾಮಾ ಕಾನ್ವೆಂಟನ್ನು ಅಳೆದದ್ದು ಕಾನ್ವೆಂಟು ಕೊಟ್ಟ ಅಳತೆಗೋಲಿನಿಂದಲೇ. ಚೇರಿಯ ಹುಡುಗಿ ಸುವಾರ್ತೆಯನ್ನು ಅದನ್ನು ಸಾರಿದವರಿಗಿಂತ ಹೆಚ್ಚು ನಿಜ ಅಂತ ನಂಬಿದಳು, ಅದಕ್ಕೇ ಎದ್ದು ಬಂದಳು. ಸಾಕ್ಷಿ ಕೇಳುವ ಜಾಗದಲ್ಲಿ ಅವಳು ಕೂತಳು. ಇದೇ ಕೆಲಸವನ್ನು ತಿರುವಾಂಕೂರಿನಲ್ಲಿ ಪೊಯ್ಕಯಿಲ್ ಯೋಹನ್ನಾನ್ (1879–1939) ಬೇರೆ ರೀತಿ ಮಾಡಿದ್ದರು. ಪರೆಯರ ಮನೆಯಲ್ಲಿ ಹುಟ್ಟಿ, ಮಾರ್ತೋಮಾ ಸಭೆ ಸೇರಿ, ಅಲ್ಲೂ ಜಾತಿ ಕಂಡು ಹೊರಬಂದು, ತನ್ನ ಕುಲದ ಚರಿತ್ರೆ ಯಾವ ಗ್ರಂಥದಲ್ಲೂ ಇಲ್ಲವಲ್ಲ ಎಂದು ಹಾಡುಕಟ್ಟಿ, ಗುಲಾಮರಾಗಿದ್ದವರ ನೆನಪಿನ ಮೇಲೇ ‘ಪ್ರತ್ಯಕ್ಷ ರಕ್ಷಾ ದೈವ ಸಭೆ’ ಕಟ್ಟಿದ ಮನುಷ್ಯ. ಆ ಹಾಡುಗಳಿಗೆ ಕನ್ನಡದಲ್ಲಿ ಒಂದು ಪ್ರತ್ಯೇಕ ಲೇಖನವೇ ಬೇಕು.

ಇಲ್ಲಿ ಗಾಂಧೀಜಿಯ ಮಾತನ್ನು ಎತ್ತಲೇಬೇಕು. 1930ರ ದಶಕದಲ್ಲಿ ಅವರು ಮಿಷನರಿಗಳಿಗೆ ಮತ್ತೆ ಮತ್ತೆ ಕೊಟ್ಟ ಸಲಹೆ: ಬೋಧಿಸಬೇಡಿ, ಬದುಕಿ; ಗುಲಾಬಿ ಭಾಷಣ ಮಾಡುವುದಿಲ್ಲ, ಪರಿಮಳ ತಾನಾಗಿ ಹರಡುತ್ತದೆ. ಕೇಳಲು ಸೊಗಸು. ಬದುಕೇ ಸುವಾರ್ತೆ ಎನ್ನುವ ಪಾಸ್ಟರಿಗೂ ಇದು ಇಷ್ಟವಾಗುತ್ತದೆ. ಆದರೆ 1936ರಲ್ಲಿ ಜಾನ್ ಮಾಟ್ ಜೊತೆ ಮಾತಾಡುವಾಗ, ಸುವಾರ್ತೆಯನ್ನು ಅರಿಯುವ ಬುದ್ಧಿಯ ವಿಷಯದಲ್ಲಿ ಹರಿಜನರನ್ನು ಹಸುವಿಗೆ ಹೋಲಿಸಿದವರೂ ಅವರೇ. ಎರಡು ಮಾತನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು. ಮಾತಿಲ್ಲದ ಗುಲಾಬಿ, ಮಾತು ಬಾರದ ಹಸು. ಆಸ್ಪತ್ರೆ ಕಟ್ಟಿ, ಶಾಲೆ ಕಟ್ಟಿ, ನೀವು ಮನುಷ್ಯರು ಅಂತ ಮಾತ್ರ ಕೇರಿಯಲ್ಲಿ ನಿಂತು ಹೇಳಬೇಡಿ ಎನ್ನುವುದು ಇದರ ಒಳಾರ್ಥ. ವಾಸನೆ ಎನ್ನುವುದು ಕೇರಿಗೆ ಉಪಮೆಯೂ ಅಲ್ಲ. ಸತ್ತ ದನ ಎಳೆಯುವವನ ಮೈಯ ವಾಸನೆಯನ್ನೇ ಅವನ ಜಾತಿಗೆ ಪುರಾವೆ ಮಾಡಿದ ಊರಿನಲ್ಲಿ ಮೌನವಾದ ಪರಿಮಳದ ಸುವಾರ್ತೆ ಯಾರಿಗೆ ಬೇಕಾಗಿತ್ತು?

ಈ ಹಸುವಿನ ಉಪಮೆ ಸತ್ತಿಲ್ಲ. 2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಅಕ್ರಮ ಮತಾಂತರಕ್ಕೆ ಶಿಕ್ಷೆ ಹೇಳುವಾಗ ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಇವರನ್ನು ಮತಾಂತರಿಸಿದರೆ ಹತ್ತು ವರ್ಷದ ತನಕ ಜೈಲು. ಕೊನೆಗೂ ನಮಗೆ ಒಂದು ಪಂಕ್ತಿ ಸಿಕ್ಕಿತು ಅಂತ ನಗಬಹುದು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದಕ್ಕೆ ಪಡೆಯಲು ತೀರ್ಮಾನಿಸಿತು. ಆದರೆ ಕೇರಿಯವನಿಗೆ ಆಯ್ಕೆ ಮಾಡುವ ಬುದ್ಧಿ ಇಲ್ಲ ಎನ್ನುವ ನಂಬಿಕೆಗೆ ಸಂಪುಟದ ತೀರ್ಮಾನ ಯಾವ ಮದ್ದು?

ಇನ್ನು ಕೋರ್ಟಿನ ಸಾಕ್ಷಿ. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕ್ಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನೂ ಮುಸಲ್ಮಾನನೂ ಹೊರಗೇ ಉಳಿದರು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎನ್ನುವವನ ಮೊಕದ್ದಮೆ ನೋಡಿ. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅದೇ ಸಾಲಿನಲ್ಲಿ ಅದೇ ಉಳಿ ಹಿಡಿದು ಕೂತ ಸೂಸೈಗೆ ಇಲ್ಲ, ಯಾಕೆಂದರೆ ಅವನು ಕ್ರೈಸ್ತ. 1985ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ತಾತ್ಪರ್ಯ: ಮತಾಂತರದ ಮೇಲೂ ಜಾತಿಯ ಸಂಕಷ್ಟ ಅಷ್ಟೇ ಕಠೋರವಾಗಿ ಮುಂದುವರಿದಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಉಳಿ, ಅರಿಗೆ, ಚರ್ಮ, ರಸ್ತೆಯ ಧೂಳು ಇವು ಪುರಾವೆಯಾಗಲಿಲ್ಲ. 2007ರ ರಂಗನಾಥ ಮಿಶ್ರ ಆಯೋಗದ ವರದಿ ಮತದ ಈ ಷರತ್ತನ್ನು ತೆಗೆಯಿರಿ ಎಂದಿತು, ಕಪಾಟಿಗೆ ಹೋಯಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದರು.

ದಿನದ ಬದುಕಿನ ಸಾಕ್ಷಿ ಈಗ ನೇರವಾಗಿ ಕಟಕಟೆಗೆ ಬಂದಿದೆ. 2024ರ ನವೆಂಬರಿನಲ್ಲಿ ಪುದುಚೇರಿಯ ಹೆಂಗಸೊಬ್ಬಳು ತಾನು ಹಿಂದೂ, ಪರಿಶಿಷ್ಟ ಜಾತಿಯವಳು ಎಂದು ಕೇಳಿದಾಗ ಸುಪ್ರೀಂ ಕೋರ್ಟು ಅವಳ ದೀಕ್ಷಾಸ್ನಾನವನ್ನೂ ಅವಳು ತಪ್ಪದೆ ಚರ್ಚಿಗೆ ಹೋಗುವುದನ್ನೂ ಎದುರು ಪುರಾವೆಯಾಗಿ ಹಿಡಿದು ಅರ್ಜಿ ತಳ್ಳಿಹಾಕಿತು. 2025ರ ಏಪ್ರಿಲಿನಲ್ಲಿ ಆಂಧ್ರ ಹೈಕೋರ್ಟು, ಜಾತಿ ಹೆಸರಿಡಿದು ಬೈದು ಹೊಡೆದರು ಎಂದು ದೂರು ಕೊಟ್ಟ ಒಬ್ಬ ಪಾಸ್ಟರಿಗೆ, ನೀನು ವರ್ಷಗಳಿಂದ ಪಾಸ್ಟರು, ದೌರ್ಜನ್ಯ ತಡೆ ಕಾಯ್ದೆ ನಿನಗಿಲ್ಲ ಎಂದಿತು. ಅವನು ಎಷ್ಟು ಒಳ್ಳೆಯ ಸಾಕ್ಷಿ ಜೀವನ ನಡೆಸಿದನೋ ಅಷ್ಟಕ್ಕಷ್ಟು ಕಾನೂನು ಅವನ ಕೈ ಬಿಟ್ಟಿತು. ಬೈದವರಿಗೆ ಮಾತ್ರ ಅವನ ಜಾತಿ ಯಾವುದು ಅಂತ ಗೊಂದಲವೇ ಇರಲಿಲ್ಲವಂತೆ ಕಾಣುತ್ತದೆ. ಅದೇ ವರ್ಷ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಜಾತಿಯ ಹೆಸರುಗಳಿಗೆ ‘ಕ್ರಿಶ್ಚಿಯನ್’ ಎನ್ನುವ ಬಾಲ ಸೇರಿದ್ದಕ್ಕೆ ದೊಡ್ಡ ಗದ್ದಲವಾಗಿ, ಅಂಥ ಹೆಸರುಗಳನ್ನು ಆಪ್‌ನಿಂದ ಮರೆಮಾಡಿದರು. ಒಂದು ಕಡೆ ಪುರಾವೆ ಇಲ್ಲ ಅನ್ನುವುದು, ಇನ್ನೊಂದು ಕಡೆ ಪುರಾವೆ ಬರೆಯುವ ಖಾನೆಯನ್ನೇ ಅಳಿಸುವುದು.

ಅಂಬೇಡ್ಕರ್ ಕ್ರೈಸ್ತ ಮತಾಂತರಿಗಳ ಬಗ್ಗೆ ಬರೆದಿಟ್ಟು ಅವರ ಕಾಲದ ಮೇಲೆ ಅಚ್ಚಾದ ಲೇಖನಗಳಲ್ಲಿ ಒಂದು ಕಹಿ ಪ್ರಶ್ನೆ ಇದೆ: ಮಿಷನರಿಗಳ ಶಾಲೆ ಆಸ್ಪತ್ರೆಗಳ ಲಾಭ ಹೆಚ್ಚಾಗಿ ಹೋದದ್ದು ಮೇಲ್ಜಾತಿಯ ಹಿಂದೂಗಳಿಗೆ, ಮತಾಂತರಗೊಂಡ ಅಸ್ಪೃಶ್ಯ ತನ್ನ ಅನ್ಯಾಯದ ವಿರುದ್ಧ ಯಾಕೆ ಬಾಯಿ ತೆರೆಯುವುದಿಲ್ಲ? ಸಾಧುವಾಗಿ ಬದುಕಿ ತೋರಿಸು ಎನ್ನುವ ಸುವಾರ್ತೆಯನ್ನು ನಾವು ಅಷ್ಟು ನಿಷ್ಠೆಯಿಂದ ಪಾಲಿಸಿದ್ದೇ ಅದಕ್ಕೆ ಒಂದು ಕಾರಣ ಅಂತ ನನಗನ್ನಿಸುತ್ತದೆ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೂಲಗಿತ್ತಿ. ಓದು ಬರಹ ಇಲ್ಲ. ಸುವಾರ್ತೆ ಅನ್ನುವ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಊರ ದೊಡ್ಡ ಮನೆಗಳಲ್ಲಿ ಮಗು ಹಿಡಿಯುವ ತನಕ ಆ ಕೈ ಬೇಕು, ಹಿಡಿದ ಮೇಲೆ ಆ ಕೈ ಮುಟ್ಟಿದ್ದೆಲ್ಲ ತೊಳೆಯಬೇಕು. ಕಾಳನ್ನು ಹಿತ್ತಲಲ್ಲಿ ಉಡಿಗೆ ಎತ್ತಿ ಹಾಕುವುದು ಪದ್ಧತಿ. ದೀಕ್ಷೆ ಆದ ಮೇಲೆ ಆಯಿ ಒಂದು ಮಾತು ಹಿಡಿದಳಂತೆ. ಹೆರಿಗೆಗೆ ಯಾವ ಮನೆಗಾದರೂ ಬರುತ್ತೇನೆ, ಹಿತ್ತಲಲ್ಲಿ ಉಡಿ ಒಡ್ಡುವುದಿಲ್ಲ, ಕೊಡುವುದಿದ್ದರೆ ಮುಂಬಾಗಿಲಲ್ಲಿ ಕೊಡಿ. ಕೆಲವರು ಕೊಟ್ಟರು, ಕೆಲವರು ಏನನ್ನೂ ಕೊಡಲಿಲ್ಲ. ಕೊಡದ ಮನೆಗೂ ಮುಂದಿನ ಹೆರಿಗೆಗೆ ಹೋದಳು. ಮಿಷನ್ನಿನ ಯಾವ ವರದಿಯಲ್ಲೂ ಇದು ಇರಲಾರದು, ಯಾಕೆಂದರೆ ಇದರಿಂದ ಒಬ್ಬರೂ ಮತಾಂತರವಾಗಲಿಲ್ಲ. ಮೇಲ್ಜಾತಿಯಿಂದ ಬಂದ ಒಬ್ಬ ಪಾಸ್ಟರು ಆಗ ನಮ್ಮ ಸಭೆಗೆ ಇದ್ದರು. ಕೇರಿಯ ಮನೆಗಳಿಗೆ ಪ್ರಾರ್ಥನೆಗೆ ಬರುವರು, ಬಾಳೆಹಣ್ಣು ಬಿಟ್ಟು ಬೇರೆ ಏನೂ ಮುಟ್ಟರು. ಇವತ್ತು ಉಪವಾಸ ಪ್ರಾರ್ಥನೆ ಅದ ಅನ್ನುವರು. ಆಯಿ ಅಂದದ್ದು ಕೇರಿಯಲ್ಲಿ ಈಗಲೂ ಗಾದೆಯ ಹಾಗೆ ಓಡಾಡುತ್ತದೆ: “ಅಯ್ಯನೋರಿಗೆ ನಮ್ಮ ಮನ್ಯಾಗ ಬಂದಾಗೇ ಉಪಾಸ ನೆನಪಾಗ್ತದ ನೋಡ್ರಿ.” ಗಲಾತ್ಯ ಪತ್ರಿಕೆಯ ಎರಡನೇ ಅಧ್ಯಾಯಕ್ಕೆ ಕನ್ನಡದಲ್ಲಿ ಇದಕ್ಕಿಂತ ಚಿಕ್ಕದಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ.

ಅರವಿಂದ ನಿರ್ಮಲ್ 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದಲಿತ ದೇವತಾಶಾಸ್ತ್ರದ ಮಾತು ಶುರು ಮಾಡಿದಾಗ ಅದು ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆಯಿತು. ನಮ್ಮದೇ ಊರಿನಲ್ಲಿ ಹುಟ್ಟಿದ್ದು ಕನ್ನಡದ ಕೇರಿಗೆ ಬರಲಿಲ್ಲ. ತಮಿಳಿಗೆ ಬಂತು, ಯಾಕೆಂದರೆ ಅಲ್ಲಿ ಜೇಮ್ಸ್ ಥಿಯೋಫಿಲಸ್ ಅಪ್ಪಾವು ಇದ್ದರು. ಮಧುರೆಯ ಅರಸರಡಿಯ ಸೆಮಿನರಿಯಲ್ಲಿ ಪಾಠ ಮಾಡುತ್ತಿದ್ದ, 2005ರಲ್ಲಿ ತೀರಿಕೊಂಡ ಈ ಪರಟ್ಟೈ ಅಣ್ಣ ವೇದನಾಯಕಂ ಶಾಸ್ತ್ರಿಯ ರಾಗಗಳ ಬದಲು ಜನಪದ ಧಾಟಿಯಲ್ಲಿ ಆರಾಧನೆ ಕಟ್ಟಿದರು. ಸಾವಿನ ವಾದ್ಯ, ಮೈಲಿಗೆಯ ವಾದ್ಯ ಎಂದು ದೂರವಿಟ್ಟಿದ್ದ ಪರೈಯನ್ನು ಪ್ರಾರ್ಥನಾ ಮಂದಿರದೊಳಗೆ ತಂದರು. ಅವರ ಚಿಂತನೆಯ ನಡುಮನೆಯಲ್ಲಿದ್ದದ್ದು ಒಂದೇ ಒಲೆಯ ಅಡುಗೆಯನ್ನು ಎಲ್ಲರೂ ಹಂಚಿ ಉಣ್ಣುವ ಕಲ್ಪನೆ. ಕರ್ತನ ಭೋಜನದ ಚಿಟಿಕೆ ರೊಟ್ಟಿ, ಗುಟುಕು ರಸ ಸಾಲದು, ಹೊಟ್ಟೆ ತುಂಬ ಕೂತು ಉಣ್ಣಬೇಕು ಎನ್ನುವ ಹಟ. ಇದನ್ನು ಓದಿದಾಗ ನನಗೆ ನೆನಪಾದದ್ದು ವಿಕಾರಾಬಾದಿನ ಹತ್ತಿರ 1923ರಿಂದ ನಡೆಯುವ ಧಾರೂರಿನ ಮೆಥೋಡಿಸ್ಟ್ ಜಾತ್ರೆ. ಅಲ್ಲಿ ಭಾಷಣಗಳನ್ನು ಬಹಳ ಜನ ಕೇಳುವುದಿಲ್ಲ. ಮೂರು ಕಲ್ಲು ಹೂಡಿ, ಪಕ್ಕದ ಡೇರೆಯವರಿಂದ ಬೆಂಕಿ ತಂದು, ಅವರಿಗೂ ಒಂದು ಮುಷ್ಟಿ ಹೆಚ್ಚಿಗೆ ಹಾಕಿ ಬೇಯಿಸುತ್ತಾರೆ. ಯಾವ ಕೇರಿಯವರು ನೀವು ಅಂತ ಕೇಳುವವರೂ ಇದ್ದಾರೆ, ಕೇಳದೆ ತಟ್ಟೆ ಚಾಚುವವರೂ ಇದ್ದಾರೆ.

ನಮ್ಮ ಕಡೆ ದೀಕ್ಷೆಯ ದಿನವೇ ಹಲಗಿಗಳನ್ನು ಬಿಡಿಸಿದರು. ಅದೂ ಬದುಕಿನ ಸಾಕ್ಷಿಯ ಒಂದು ಷರತ್ತಾಗಿತ್ತು. ಚರ್ಚಿನೊಳಗೆ ಮೊದಲು ಹಾರ್ಮೋನಿಯಂ ಬಂತು, ಈಗ ಕೀಬೋರ್ಡು ಇದೆ. ಕೆಲವು ವರ್ಷಗಳಿಂದ ಕ್ರಿಸ್‌ಮಸ್ ರಾತ್ರಿಯ ಮೆರವಣಿಗೆಗೆ ಹುಡುಗರು ಮತ್ತೆ ಹಲಗಿ ಕಟ್ಟಿಕೊಂಡು ಬರುತ್ತಿದ್ದಾರೆ. ಓದಿದವರು, ಬೆಂಗಳೂರು ಹೈದರಾಬಾದುಗಳಲ್ಲಿ ಕೆಲಸದಲ್ಲಿರುವವರು. ತೊಗಲು ಕಾಯಿಸುವುದನ್ನು ಮುದುಕರ ಹತ್ತಿರ ಕೂತು ಕಲಿತಿದ್ದಾರೆ. ಮೆರವಣಿಗೆ ಚರ್ಚಿನ ಬಾಗಿಲಿಗೆ ಬಂದಾಗ ಹಲಗಿ ನಿಲ್ಲಬೇಕು, ಒಳಗೆ ಬರಕೂಡದು ಅಂತ ಕಮಿಟಿಯವರ ಕಟ್ಟಳೆ. ಊರವರು ಏನಂದುಕೊಂಡಾರು, ನಮ್ಮ ಸಾಕ್ಷಿ ಕೆಡ್ತದ, ಅನ್ನುತ್ತಾರೆ. ಹುಡುಗರು ಒಳಗೆ ತರುತ್ತೇವೆ ಅಂತ ಬರೆದು ಕೊಟ್ಟ ಅರ್ಜಿ ಎರಡು ವರ್ಷದಿಂದ ಕಮಿಟಿಯ ಮುಂದಿದೆ. ಅದರ ಕೆಳಗೆ ಹೊಲಗೇರಿಯ ಹುಡುಗರೂ ಮಾದಿಗೇರಿಯ ಹುಡುಗರೂ ಒಂದೇ ಹಾಳೆಯ ಮೇಲೆ ಸಹಿ ಮಾಡಿದ್ದಾರೆ.